ಬೇಗಡೆ ಹಚ್ಚಿದ ಕೀಬೋರ್ಡ್

ರಂಜಿತಾ ಟೀಚರ ಮಾತು ನಿಂತುಹೋಗಿದೆ ಎಂದರೆ ಯಲಬುರ್ಗಾ ಕಡೆ ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ಆಕೆ ಒಂದನೇ ತರಗತಿಯಲ್ಲಿ ನಿಂತು 'ಕ ಖ ಗ ಘ' ಹೇಳಿಕೊಡುತ್ತಿದ್ದರೆ ಶಾಲೆಯ ಹಿಂದಿನ ಹೊಲದಲ್ಲಿ ಕಳೆ ಕೀಳುವ ಹೆಂಗಸರೂ ದನಿಗೂಡಿಸುತ್ತಿದ್ದರು. ಅಂಥ ಗಂಟಲು. ಮದುವೆಯ ಪ್ರಸ್ತಾಪ ತಂದ ನೆಂಟರನ್ನು 'ಬೆಂಚಿನ ಮ್ಯಾಲೆ ನಿಂದರಿಸ್ತೀನಿ ನೋಡ್ರಿ' ಎಂದು ಹೆದರಿಸಿ ವಾಪಸು ಕಳಿಸಿದ ಗಂಟಲು. ಕಾಯಿಲೆ ಬಂದು ಕೂತದ್ದು ಅದಕ್ಕೇ. ಊರಲ್ಲಿ ಬಾಯಿಯೇ ಬಿಡದ ಮೊದ್ದುಗಳು ಎಷ್ಟು ಜನ ಇದ್ದರು, ಅವರ್ಯಾರೂ ಅದರ ಕಣ್ಣಿಗೆ ಬೀಳಲಿಲ್ಲ!

ಮೊದಲು ನಾಲಿಗೆ ತೊದಲಿತು. ಮಕ್ಕಳು ನಕ್ಕವು, ಆಕೆಯೂ ನಕ್ಕಳು. ಆಮೇಲೆ ಮಾತು ಪೂರಾ ಹೋಯಿತು, ಕಾಲು ಹೋದವು, ಬಲಗೈ ಹೋಯಿತು. ನರಗಳು ಒಂದೊಂದಾಗಿ ಆರಿಹೋಗುವ ಕಾಯಿಲೆ, ಇದಕ್ಕೆ ಮದ್ದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಸುತ್ತುಬಳಸದೆ ಹೇಳಿದರು. ಆಕೆಯನ್ನು ಹಿಟ್ನಾಳದ ಮನೆಗೆ, ಅವ್ವ ಮಾರೆವ್ವನ ಹತ್ತಿರ ಕರೆತಂದು ಮಲಗಿಸಿದವನು ತಮ್ಮ ಯಂಕೇಶ. ಕೊಪ್ಪಳದ ಬಸ್ ಸ್ಟ್ಯಾಂಡ್ ಹತ್ತಿರ ಅವನದೊಂದು ಮೊಬೈಲ್ ರಿಪೇರಿ ಅಂಗಡಿ. ನೀರಿಗೆ ಬಿದ್ದದ್ದು, ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿದ್ದು, ಎಮ್ಮೆ ತುಳಿದದ್ದು, ಯಾವ ಮೊಬೈಲು ತಂದುಕೊಟ್ಟರೂ 'ಆಗಂಗಿಲ್ಲ' ಎಂಬ ಮಾತು ಅವನ ಬಾಯಿಂದ ಬಂದದ್ದಿಲ್ಲ. ಬಂದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಎಡಗೈಯ ಹೆಬ್ಬೆರಳು ಆಡುವ ತನಕ ರಂಜಿತಾ ಮೊಬೈಲಿನಲ್ಲಿ ಒತ್ತಿ ಒತ್ತಿ ಮನೆಯವರನ್ನೆಲ್ಲ ಬೈದಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವ್ವನನ್ನು, ಗಡ್ಡ ಬೋಳಿಸಿಲ್ಲವೆಂದು ತಮ್ಮನನ್ನು. ಬೈದಷ್ಟೂ ಮನೆಗೆ ಜೀವ ಬರುತ್ತಿತ್ತು. ಬರಬರುತ್ತ ಕೈಯನ್ನು ಗಾಜಿನ ಮೇಲೆ ಎತ್ತಿ ಹಿಡಿಯುವುದೇ ಆಗದಾಯಿತು. ಅಂಗೈ ಬಿದ್ದಲ್ಲಿ ಬಿದ್ದಿರುತ್ತಿತ್ತು, ಬೆರಳ ತುದಿ ಮಾತ್ರ ಅಲ್ಲಲ್ಲೇ ಮಿಸುಕುತ್ತಿತ್ತು.

ಆ ಹೊತ್ತಿನಲ್ಲೇ ಡಾಕ್ಟರು ಇನ್ನೊಂದು ಮಾತು ಹೇಳಿ ಕಳಿಸಿದ್ದರು. ಇನ್ನು ಕೆಲವು ತಿಂಗಳಲ್ಲಿ ಉಸಿರೂ ಸಾಲದೆ ಬರುತ್ತದೆ. ಗಂಟಲಿಗೆ ತೂತು ಮಾಡಿ ಉಸಿರಿನ ಮಶೀನು ಜೋಡಿಸಿದರೆ ಮುಂದೆಯೂ ಬದುಕಬಹುದು, ವರ್ಷಗಟ್ಟಲೆ. ಜೋಡಿಸದಿದ್ದರೆ ಇಲ್ಲ. ಬೇಕೋ ಬೇಡವೋ ಎಂಬುದನ್ನು ಟೀಚರೇ ಹೇಳಬೇಕು, ಮನೆಯವರು ಹೇಳಿದರೆ ನಡೆಯುವುದಿಲ್ಲ.

ಮಾರೆವ್ವ ಆವತ್ತೇ ಮಗಳ ತಲೆಯ ಹತ್ತಿರ ಕೂತು ಕೇಳಿದಳು. "ನನ್ನವ್ವಾ, ಮಶೀನ ಹಾಕ್ಸೂಣೇನ? ಹೂಂ ಅನ್ನೂದಾದ್ರ ಕಣ್ ಮುಚ್ಚು."

ರಂಜಿತಾ ಕಣ್ಣು ಮುಚ್ಚಲಿಲ್ಲ. ಜಂತಿ ನೋಡುತ್ತ ಮಲಗಿದಳು. ಯಂಕೇಶ ಕೇಳಿದ, ಆಗಲೂ ಜಂತಿಯೇ. ಕಡೆಗೆ ಬೆಳಗಿನಿಂದ ಊಟದ ಹೊತ್ತಿನವರೆಗೂ ಹೆಣಗಿ, ತಮ್ಮ ಹಿಡಿದುಕೊಂಡ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿದಳು: 'ಕೇಳಿದ್ದಕ್ಕೆಲ್ಲ ತಲಿ ಅಲ್ಲಾಡ್ಸಾಕ ನಾ ಕೋಲೆಬಸವ ಅಲ್ಲ. ನನ್ನ ಮಾತು ನನಗ ಬೇಕು.'

ಯಂಕೇಶ ಓದಿ ಹೇಳಿದಾಗ ಮಾರೆವ್ವ ಹಣೆ ಬಡಿದುಕೊಂಡಳು. "ಈಗೂ ಎಂಥಾ ಸೊಕ್ಕು ನೋಡ್ರಿ ಇಕಿದು!"

ಯಂಕೇಶನಿಗೆ ಮಾತ್ರ ಹೊಟ್ಟೆಯಲ್ಲಿ ಆಸೆ ಹುಟ್ಟಿತು. ಮಾತು ಬೇಕು ಎನ್ನುವವಳು ಬದುಕೂ ಬೇಕು ಎಂದೇ ಅನ್ನುತ್ತಾಳೆ ಎಂದುಕೊಂಡ. ಬಾಯಿ ಕಟ್ಟಿಹಾಕಿದ್ದಕ್ಕೆ ಸಿಟ್ಟಾಗಿದ್ದಾಳೆ, ಅಷ್ಟೇ. ಅಕ್ಕನಿಗೊಂದು ಬಾಯಿ ಮಾಡಿಕೊಟ್ಟರೆ ಆ ಬಾಯಿಂದಲೇ 'ಹೂಂ, ಮಶೀನು ಹಾಕಿಸ್ರಿ' ಅಂದಾಳು. ಅಪ್ಪ ಸತ್ತ ಮೇಲೆ ತನ್ನ ಕಿವಿ ಹಿಂಡಿ ಐಟಿಐ ಮುಗಿಸುವಂತೆ ಮಾಡಿದವಳು ಹಾಗೆಲ್ಲ ಬಿಟ್ಟುಹೋಗುವವಳಲ್ಲ.

"ತಡಿ ಅಕ್ಕಾ, ನಿನ್ನ ಕೈಗೆ ತಕ್ಕಂಗ ಒಂದು ಕೀಬೋರ್ಡ್ ಮಾಡ್ತೀನಿ," ಅಂದ.

ಅಂಗಡಿಯಲ್ಲಿ ಕೂತು ಇಂಟರ್ನೆಟ್ ಜಾಲಾಡಿದ. ಯಾವ ದೇಶದವನೋ ಏನೋ, ಒಬ್ಬ ಪುಣ್ಯಾತ್ಮ ತಾನು ಮಾಡಿದ ಕೀಬೋರ್ಡಿನ ನಕ್ಷೆ, ಸರ್ಕ್ಯೂಟು, ಪ್ರೋಗ್ರಾಮು ಎಲ್ಲವನ್ನೂ ಬಿಚ್ಚಿಟ್ಟಿದ್ದ. ಯಾರು ಬೇಕಾದರೂ ತೆಗೆದುಕೊಳ್ಳಿ, ನಿಮ್ಮ ಕೈಗೆ ಬೇಕಾದಂತೆ ತಿದ್ದಿಕೊಳ್ಳಿ, ತಿದ್ದಿದ್ದನ್ನು ಮಾತ್ರ ಬಚ್ಚಿಡದೆ ಹೀಗೇ ಬಿಚ್ಚಿಡಿ, ಇದಿಷ್ಟೇ ಕರಾರು. ಎಷ್ಟು ಕೀ ಇರಬೇಕು, ಯಾವ ಕೀ ಒತ್ತಿದರೆ ಯಾವ ಅಕ್ಷರ ಬರಬೇಕು, ಎಲ್ಲ ನಮ್ಮ ಮರ್ಜಿ. ಯಂಕೇಶ ಇಪ್ಪತ್ತು ಕೀಗಳ ಒಂದು ಚಿತ್ರ ಬರೆದು ಅಕ್ಕನಿಗೆ ತೋರಿಸಿದ. ಆಕೆ ಅದನ್ನು ಹೋಂವರ್ಕ್ ನೋಡುವ ಕಣ್ಣಿನಿಂದಲೇ ನೋಡಿದಳು. ಆಮೇಲೆ ಮೊಬೈಲಿಗೆ ಹೆಬ್ಬೆರಳು ತಂದಳು. ಮೊಬೈಲಿನಲ್ಲಿ ಆಕೆ ಒತ್ತಿದ ಕೊನೆಯ ಮಾತು ಅದು: 'ಐದು ಬೆರಳು. ಐದು ವರ್ಗ. ದಡ್ಡ.'

ಯಂಕೇಶ ತಲೆ ಚಚ್ಚಿಕೊಂಡ. ಇಷ್ಟು ಸುಲಭದ್ದು ತನಗೆ ಹೊಳೆಯಲಿಲ್ಲವಲ್ಲ! ಕಿರುಬೆರಳು ಕ ವರ್ಗ, ಉಂಗುರದ ಬೆರಳು ಚ, ನಡುಬೆರಳು ಟ, ತೋರುಬೆರಳು ತ, ಹೆಬ್ಬೆರಳು ಪ. ಮೊದಲ ಒತ್ತಿಗೆ ವರ್ಗ, ಎರಡನೇ ಒತ್ತಿಗೆ ಆ ವರ್ಗದೊಳಗಿನ ಅಕ್ಷರ, ಆಮೇಲಿನ ಒತ್ತಿಗೆ ಕಾಗುಣಿತ. ಎರಡು ಬೆರಳು ಒಟ್ಟಿಗೆ ಒತ್ತಿದರೆ ಯ ರ ಲ ವದ ಸಾಲು. ಒಂದನೇ ತರಗತಿಯ ಮಗುವಿಗೂ ತಿಳಿಯುವ ಲೆಕ್ಕ. ಐದೇ ಕೀ, ಎಡಗೈ ಒಂದೇ. ಒತ್ತಿದ್ದು ಎದುರಿನ ಹಳೇ ಟಿವಿಯ ಮೇಲೆ ದಪ್ಪ ಅಕ್ಷರದಲ್ಲಿ ಮೂಡಬೇಕು.

ಮಾಡುವುದೇನೋ ಮಾಡಿದ. ಮಾಡಿ ಮುಗಿಸುವಷ್ಟರಲ್ಲಿ ಕೈ ಬೇರೆಯೇ ಆಗಿರುತ್ತಿತ್ತು! ಇದ್ದದ್ದರಲ್ಲಿ ಮೆದುವಾದ ಕೀ ತರಿಸಿ ಬೆಸುಗೆ ಹಾಕಿದ, ಅಷ್ಟರಲ್ಲಿ ಅವನ್ನು ಒತ್ತುವ ಬಲ ಹೋಗಿತ್ತು. ಸ್ಪ್ರಿಂಗು ಬಿಚ್ಚಿ ಕತ್ತರಿಸಿ ಇನ್ನಷ್ಟು ಮೆದು ಮಾಡಿದ, ಅಷ್ಟರಲ್ಲಿ ಉಂಗುರದ ಬೆರಳು ಮಡಚಿಕೊಂಡಿತು. ಕೈ ಕೂರುವುದಕ್ಕೆ ಬೆಂಗಳೂರಿನಿಂದ ಪ್ಲಾಸ್ಟಿಕ್ ಅಚ್ಚು ಮಾಡಿಸಿ ತರಿಸಿದರೆ, ಪಾರ್ಸಲ್ಲು ಬಂದ ದಿನ ಕೈ ಅದರೊಳಗೆ ಕೂರಲೇ ಇಲ್ಲ. ಅಕ್ಕನ ಕೈ ಹಿಡಿದು ಆ ತಗ್ಗುಗಳಿಗೆ ಒತ್ತಿ ಒತ್ತಿ ಕೂರಿಸಲು ನೋಡಿದ. ಆಕೆಯ ಕಣ್ಣಲ್ಲಿ ನೀರು ಬಂದದ್ದು ನೋವಿಗೋ ಸಿಟ್ಟಿಗೋ ಗೊತ್ತಾಗಲಿಲ್ಲ. ಕೇಳಿದರೆ ಹೇಳುವ ದಾರಿಯೂ ಇಲ್ಲ. ಯಂಕೇಶ ಆ ಪ್ಲಾಸ್ಟಿಕ್ ಅಚ್ಚನ್ನು ತಿಪ್ಪೆಗೆ ಎಸೆದು, ಹಿತ್ತಲಲ್ಲಿ ನಿಂತು ಸಣ್ಣ ಹುಡುಗನ ಹಾಗೆ ಅತ್ತ.

ಕಿನ್ನಾಳದ ನೆನಪು ಬಂದದ್ದು ಆಗ. ಅಲ್ಲಿ ಯಮನೂರಪ್ಪ ಎಂಬ ಮುದುಕ ಇದ್ದ, ಮೂರ್ತಿ ಮತ್ತು ಗೊಂಬೆ ಮಾಡುವವನು. ಹಗುರಾದ ಮರದಲ್ಲಿ ಮೂಗು, ತುಟಿ, ಬೆರಳ ಗೆಣ್ಣು ಕೆತ್ತುವವನಿಗೆ ಒಂದು ಕೈಯ ತಗ್ಗು ಕೆತ್ತುವುದು ದೊಡ್ಡದೇ? ಹೇಳಿಕಳಿಸಿದ್ದೇ ತಡ, ಮುದುಕ ಬಸ್ಸು ಹತ್ತಿ ಹಿಟ್ನಾಳಕ್ಕೆ ತಾನೇ ಬಂದ. ಮರದ ಹೊಟ್ಟು, ಹುಣಸೆಬೀಜದ ಅಂಟು ಕಲೆಸಿದ ಹಿಟ್ಟಿನ ಮೇಲೆ ರಂಜಿತಾಳ ಎಡಗೈ ಇರಿಸಿ, ಅದು ಹೇಗೆ ಬಿತ್ತೋ ಹಾಗೇ ಅಚ್ಚು ತೆಗೆದುಕೊಂಡ.

"ಟೀಚರ್ರ, ಬೆರಳು ಭಾಳ ಛಲೋ ಅದಾವ್ರಿ. ಇಂಥಾವ್ನ ನಾ ಗೌರಿಗೆ ಇಟ್ಟೇನಿ," ಅಂದ. ಆಕೆಯನ್ನು ನೋಡುತ್ತ ಆಕೆಗೇ ಹೇಳಿದ. ಮನೆಗೆ ಬಂದವರೆಲ್ಲ ಆಕೆಯ ಬಗ್ಗೆ ಮಾರೆವ್ವನನ್ನು ಕೇಳಿ ಹೋಗುವವರೇ ಆಗಿದ್ದರು.

"ಅಜ್ಜಾರ, ಒಂದು ಮಾತ್ರಿ," ಅಂದ ಯಂಕೇಶ. "ಒಳಗ ಕರೆಂಟಿನ ಕೆಲಸ ಐತಿ. ಎಲ್ಲೂ ಲೋಹ ಇರಬಾರದು. ಒಂದು ಮೊಳಿ ಸೈತ ಬ್ಯಾಡ್ರಿ."

"ನಮ್ಮ ಕೆಲಸದಾಗ ಲೋಹ ಎಲ್ಲಿಂದ ಬರಬೇಕೋ ತಮ್ಮಾ? ಮರ, ಅಂಟು, ಬಣ್ಣ. ಅಷ್ಟ."

ಆ ನಡುವೆ ರಂಜಿತಾಳ ಉಸಿರು ಸಣ್ಣಗಾಗತೊಡಗಿತು. ಮಲಗಿದರೆ ಏದುಸಿರು, ಕೂರಿಸಿದರೆ ಸ್ವಲ್ಪ ವಾಸಿ. ಫೋನಿನಲ್ಲಿ ಕೇಳಿಸಿಕೊಂಡ ಡಾಕ್ಟರು, ಸೋಮವಾರ ಕರೆದುಕೊಂಡು ಬನ್ನಿ, ಟೀಚರ ತೀರ್ಮಾನ ತಿಳಿದುಕೊಂಡೇ ಬನ್ನಿ, ಇನ್ನು ಮುಂದೂಡುವ ಹಾಗಿಲ್ಲ ಎಂದರು. ಯಂಕೇಶ ದಿನಕ್ಕೆರಡು ಸಲ ಕಿನ್ನಾಳಕ್ಕೆ ಫೋನು ಮಾಡಿ ಮುದುಕನ ತಲೆ ತಿಂದ.

ಶುಕ್ರವಾರ ಕೀಬೋರ್ಡಿನ ಮೈ ಬಂತು. ಬಟ್ಟೆ ಬಿಚ್ಚಿದ ಮಾರೆವ್ವ "ಯವ್ವಾ!" ಅಂದಳು. ಕೈಯಾಕಾರದ ಕೆಂಪು ಮರ, ಅಂಚಿಗೆ ಹಸಿರು ಬಳ್ಳಿ. ಐದು ಬೆರಳು ಕೂರುವ ತಗ್ಗುಗಳಲ್ಲಿ ಬಂಗಾರದಂಥ ಹೊಳಪು. ಅಕ್ಕನ ಕೈ ಅದರೊಳಗೆ ಹೋಗಿ ಕೂತದ್ದು ನೋಡಬೇಕಿತ್ತು, ಅಲ್ಲೇ ಹುಟ್ಟಿ ಬೆಳೆದ ಕೈಯ ಹಾಗೆ. ಯಂಕೇಶ ಆತುರಾತುರವಾಗಿ ಕೀಗಳನ್ನು, ಬೋರ್ಡನ್ನು ಒಳಗೆ ಜೋಡಿಸಿ ಟಿವಿಗೆ ಸಿಕ್ಕಿಸಿದ.

ಟಿವಿಯ ಮೇಲೆ ಅಕ್ಷರ ಸುರಿಯತೊಡಗಿದವು. ಕಕಕಕಪಪಪಟಕಕಪ. ಯಾರೂ ಒತ್ತಿರಲಿಲ್ಲ. ನಿಲ್ಲಿಸಿದರೂ ನಿಲ್ಲಲಿಲ್ಲ.

ಮಾರೆವ್ವ ಟಿವಿಗೆ ಕೈಮುಗಿದಳು. "ಮೈಯಾಗ ಬಂದೈತೇನೋ ಯಪ್ಪಾ ಇದಕ್ಕ?"

"ತಾನ ಒತ್ತಾಕತ್ತೈತವ್ವ. ಕೆಟ್ಟೈತಿ." ಯಂಕೇಶ ವಯರು ಕಿತ್ತು, ಮತ್ತೆ ಸಿಕ್ಕಿಸಿ, ಪ್ರೋಗ್ರಾಮು ಬದಲಿಸಿ ನೋಡಿದ. ಅದೇ ಸುರಿಮಳೆ. ಅದು ಸಾಲದೆಂಬಂತೆ ಇನ್ನೊಂದು ಕಂಡಿತು. ಅಕ್ಕ ಬೆರಳು ಬಗ್ಗಿಸುತ್ತಿದ್ದಳು, ಕೀ ಕೆಳಗಿಳಿಯುತ್ತಿರಲಿಲ್ಲ. ಕತ್ತರಿಸಿ ಮೆದು ಮಾಡಿದ ಸ್ಪ್ರಿಂಗೂ ಆಕೆಗೆ ಭಾರವಾಗಿತ್ತು. ಒಳಗಿನ ಕೀಯೂ ಹೋಯಿತು, ಹೊರಗಿನ ಮೈಯೂ ಹೋಯಿತು. ಬಂಗಾರದ ಹೊಳಪನ್ನು ಉಗುರಿನಿಂದ ಕೆರೆದು ನೋಡಿದ. ಬಣ್ಣವಲ್ಲ, ಹಳದಿ ಮೆರುಗು ಕೊಟ್ಟ ತವರದ ತೆಳು ಹಾಳೆ. ಬೇಗಡೆ! ಕರೆಂಟು ಅದರ ಮೇಲೆಲ್ಲ ಹರಿದಾಡದೆ ಇನ್ನೇನು ಮಾಡೀತು? ತಲೆಕೆಟ್ಟು, ಕೀಬೋರ್ಡನ್ನು ಚೀಲಕ್ಕೆ ತುರುಕಿ ಬೈಕು ಹತ್ತಿದ.

ಕಿನ್ನಾಳದಲ್ಲಿ ಯಮನೂರಪ್ಪ ಕಟ್ಟೆಯ ಮೇಲೆ ಕೂತು ಗರುಡನ ರೆಕ್ಕೆಗೆ ಬಣ್ಣ ಹಾಕುತ್ತಿದ್ದ. ಯಂಕೇಶ ಬೈಕಿನಿಂದ ಇಳಿಯುವ ಮೊದಲೇ ಬಾಯಿ ಮಾಡಿದ. "ಲೋಹ ಬ್ಯಾಡ ಅಂತ ಬಡಕೊಂಡೆ ಇಲ್ರಿ? ಬೇಗಡಿ ಯಾಕ ಹಚ್ಚಿದ್ರಿ? ನಮ್ಮಕ್ಕನ ಬಾಯಾಗ ಮಣ್ ಹಾಕಿದ್ರಲ್ರಿ!"

ಮುದುಕ ಕಕ್ಕಾಬಿಕ್ಕಿಯಾದ. "ಬೇಗಡಿ ಲೋಹ ಹೆಂಗಾಕೈತೋ? ಅದು ಬಣ್ಣ. ನಮ್ಮಪ್ಪ, ನಮ್ಮಜ್ಜ, ಎಲ್ಲಾರೂ ಬಣ್ಣ ಅಂತನ ಹಚ್ಚಿಕೋಂತ ಬಂದಾರ."

"ಯಾರ್ರಿ ಕೇಳಿದ್ರು ನಿಮ್ಮ ಬಂಗಾರದ ಥಳಕು?"

"ಮಾತಾಡೂ ಸಾಮಾನು ಅಂದಿ." ಮುದುಕ ಕುಂಚ ಕೆಳಗಿಟ್ಟ. "ಬಾಯಿ ಇದ್ದದ್ದು ಅಂದ್ರ ನಮಗ ಮೂರ್ತಿನ. ಮೂರ್ತಿನ್ನ ಬೇಗಡಿ ಇಲ್ಲದ ಬರಿಮೈಲೆ ಕಳಸಂಗಿಲ್ಲೋ ತಮ್ಮಾ. ಟೀಚರ ಕೈ ಕೂಡೂ ಜಾಗ ಅಂತ ನಾಕ ಸಲ ತಿಕ್ಕಿ ಹಚ್ಚೀನಿ."

ಯಂಕೇಶನಿಗೆ ಕೇಳುವ ವ್ಯವಧಾನ ಎಲ್ಲಿತ್ತು? ಕೀಬೋರ್ಡನ್ನು ಕಟ್ಟೆಯ ಮೇಲಿಟ್ಟು, ವಯರನ್ನು ಮೊಬೈಲಿಗೆ ಸಿಕ್ಕಿಸಿ, ಒಳಗಿನ ಕೀಗಳನ್ನೆಲ್ಲ ಕಿತ್ತು ಚೆಲ್ಲಿ, ಸ್ಕ್ರೂಡ್ರೈವರಿನಿಂದ ಬೇಗಡೆ ಕೆರೆಯತೊಡಗಿದ. ಅದರ ಜೊತೆ ಕೆಂಪು ಬಣ್ಣವೂ ಹೋಳು ಹೋಳಾಗಿ ಎದ್ದು ಬಂತು. ಮುದುಕ ತಡೆಯಲಾರದೆ "ಬ್ಯಾಡೋ, ಸೀಳತೈತಿ!" ಎಂದು ತನ್ನ ಕೈಯನ್ನೇ ತಗ್ಗುಗಳ ಮೇಲೆ ಅಡ್ಡ ಇಟ್ಟ.

ಮೊಬೈಲಿನ ಮೇಲೆ 'ತ' ಮೂಡಿತು. ಒಂದೇ ಒಂದು.

ಯಂಕೇಶನ ಕೈ ನಿಂತಿತು. ಕೀ ಇಲ್ಲ, ಸ್ಪ್ರಿಂಗು ಇಲ್ಲ, ಎಲ್ಲ ಕಿತ್ತು ಚೆಲ್ಲಿದೆ. "ಅಜ್ಜಾರ, ಒತ್ತಿದ್ರೇನು?"

"ಎಲ್ಲಿ ಒತ್ತಲೋ? ಮುಟ್ಟೀನಷ್ಟ."

"ಕೈ ತಗೀರಿ. ಹಾಂ. ಮತ್ತ ಮುಟ್ರಿ."

ಮತ್ತೆ 'ತ'.

ಯಂಕೇಶ ಕಟ್ಟೆಯ ಮೇಲೆ ಧೊಪ್ಪನೆ ಕೂತ. ಅವನು ಕೆರೆದ ಕಡೆ ತೋರುಬೆರಳಿನ ತಗ್ಗಿನ ಬೇಗಡೆ ಉಳಿದದ್ದರಿಂದ ಬೇರೆಯಾಗಿ ನಿಂತಿತ್ತು, ಬೋರ್ಡಿನ ತಂತಿಯೊಂದು ಅದಕ್ಕೆ ತಾಗಿಕೊಂಡಿತ್ತು. ಮನುಷ್ಯನ ಮೈ ಸೋಕಿದ್ದನ್ನು ಅದು ಹಿಡಿಯುತ್ತಿತ್ತು, ಮೊಬೈಲಿನ ಗಾಜು ಹಿಡಿಯುವ ಹಾಗೆಯೇ. ಮೊದಲು ಕೆಟ್ಟಂತೆ ಕಂಡದ್ದು ಐದೂ ತಗ್ಗಿನ ಬೇಗಡೆ ಒಂದಕ್ಕೊಂದು ಕೂಡಿಕೊಂಡಿದ್ದಕ್ಕೆ. ಬೇರೆ ಬೇರೆ ಮಾಡಿಬಿಟ್ಟರೆ? ಒತ್ತುವುದೇ ಬೇಡ, ಮುಟ್ಟಿದರೆ ಸಾಕು. ಬೆರಳು ಕೂತಲ್ಲೇ ಕೂದಲೆಳೆಯಷ್ಟು ಸರಿದರೂ ಸಾಕು. ಅಕ್ಕನಿಗೆ ಅಷ್ಟು ಇನ್ನೂ ಆಗುತ್ತಿತ್ತು.

ಅವನು ಮುದುಕನ ಕಾಲು ಹಿಡಿಯುವುದೊಂದು ಬಾಕಿ. ಯಮನೂರಪ್ಪ ಮುನಿಸಿನಿಂದಲೇ ಚೂರಿ ತಂದ, ಮುನಿಸಿನಿಂದಲೇ ತಗ್ಗು ತಗ್ಗಿನ ನಡುವೆ ಬೇಗಡೆ ಕೊಯ್ದು ಬಿಡಿಸಿದ, ಬೆರಳು ಸುಮ್ಮನೆ ಕೂರುವ ಕಡೆ ಬರಿ ಮರ ಉಳಿಸಿ, ಕೆರೆದ ಗಾಯಗಳಿಗೆಲ್ಲ ಬಣ್ಣ ಮುಟ್ಟಿಸಿದ. "ಬಾಯಿಗೆ ಬಂದಂಗ ಮಾತಾಡಿದಿ ನೀನು," ಅಂದ ಕೊನೆಗೆ. "ನಿಮ್ಮಕ್ಕಗ ಮಾತು ಬರಲಿ, ಆಕಿ ಕಡಿಂದನ ಬೈಸ್ತೀನಿ ನಿನಗ."

ಶನಿವಾರ ಬೆಳಗ್ಗೆ ರಂಜಿತಾಳ ಎಡಗೈ ತಗ್ಗುಗಳಲ್ಲಿ ಕೂತಿತು. ಬೆರಳ ತುದಿ ಇರುವೆ ನಡೆದಷ್ಟು ಸರಿಯಿತು. ಟಿವಿಯ ಮೇಲೆ ತ ಬಂತು, ಡ ಬಂತು, ನಿಂತಿತು, ಮತ್ತೆ ಹೊರಟಿತು. ಮಾರೆವ್ವ ಟಿವಿಯ ಕಡೆ ಬಾಗಿ ನಿಂತಿದ್ದಳು. ಆಕೆಗೆ ಓದು ಬರುತ್ತಿರಲಿಲ್ಲ, ಮಗಳು ಎಷ್ಟು ಸಲ ಕಲಿಸಲು ಕೂತರೂ ಎಮ್ಮೆಯ ನೆಪ ಹೇಳಿ ಎದ್ದು ಹೋದವಳು.

"ಏನಂತಾಳೋ?"

"'ತಡಾ ಮಾಡಿದಿ. ಯಾವಾಗ್ಲೂ ತಡಾ.'" ಯಂಕೇಶ ಓದಿದ. ಓದಿ ನಕ್ಕ, ನಗುತ್ತ ನಗುತ್ತ ಅಳು ಬಂತು.

ಆವತ್ತು ಇಡೀ ದಿನ ರಂಜಿತಾ ಮಾತಾಡಿದಳು. ದಿಂಬು ಎತ್ತರವಾಗಿದೆ. ಕೊಟ್ಟಿಗೆಯ ಬಾಗಿಲು ಕಿರುಗುಟ್ಟುವುದು ಕೇಳಿ ಕೇಳಿ ಸಾಕಾಗಿದೆ, ಎಣ್ಣೆ ಬಿಡ್ರಿ. ತನ್ನ ಜಾಗಕ್ಕೆ ಬಂದ ಮೇಷ್ಟ್ರು ಮಕ್ಕಳಿಗೆ ಮಗ್ಗಿ ಹೇಳಿಸುತ್ತಾನೋ ಇಲ್ಲವೋ. ಯಮನೂರಪ್ಪಜ್ಜನಿಗೆ ಬಾಯಿಗೆ ಬಂದಂತೆ ಅಂದದ್ದಕ್ಕೆ ಯಂಕ್ಯಾ ಹೋಗಿ ಕಾಲಿಗೆ ಬೀಳಬೇಕು. ಈ ಕೀಬೋರ್ಡಿನ ನಕ್ಷೆ ಬಿಚ್ಚಿಡಬೇಕು, ಪುಕ್ಕಟೆ ತಗೊಂಡ ಮೇಲೆ ಕರಾರು ಪಾಲಿಸಬೇಕು. ಒಂದೊಂದು ಮಾತಿಗೂ ಯಂಕೇಶ ಓದುತ್ತಿದ್ದ, ಮಾರೆವ್ವ ಉತ್ತರ ಕೊಡುತ್ತಿದ್ದಳು, ಜಗಳವೂ ಆಯಿತು. ಬೆರಳು ಬೆವರಿದಾಗ ಮಾತ್ರ ನಡುವೆ ಪಪಪ ಎಂದು ಬಂದುಬಿಡುತ್ತಿತ್ತು. ಒರೆಸಿದರೆ ಸರಿ. "ಒಮ್ಮೊಮ್ಮೆ ತಾನ ಒತ್ತತೈತವ್ವ, ಅಂಜಬ್ಯಾಡ," ಅಂದಿದ್ದ ಯಂಕೇಶ. ಮಾರೆವ್ವ ಸೆರಗಿನ ತುದಿ ಹಿಡಿದು ಕಾಯುತ್ತಿದ್ದಳು.

ಮಶೀನಿನ ಮಾತನ್ನು ಯಾರೂ ಎತ್ತಲಿಲ್ಲ. ಎಲ್ಲ ಹಬ್ಬದಂತಿತ್ತು, ಹಬ್ಬದ ದಿನ ಅಂಥದ್ದು ಕೇಳುವುದು ಹೇಗೆ? ಅಲ್ಲದೆ ಯಂಕೇಶನಿಗೆ ಉತ್ತರ ಗೊತ್ತೇ ಇತ್ತಲ್ಲ. ಇಷ್ಟು ಮಾತಾಡುವವಳು ಬೇಡ ಅಂದಾಳೆಯೇ?

ಭಾನುವಾರ ಮಧ್ಯಾಹ್ನ ಮಾರೆವ್ವ ಎಮ್ಮೆಗೆ ನೀರು ಕುಡಿಸಲು ಹೋದಾಗ ಕೇಳಿದ. "ಅಕ್ಕಾ, ನಾಳೆ ಡಾಕ್ಟರು ಕೇಳ್ತಾರ. ಮಶೀನ ಹಾಕ್ಸೂಣಲಾ? ನೀನ ಹೇಳು. ನಿನ್ನ ಮಾತಿನಾಗ."

ರಂಜಿತಾ ಅವನನ್ನು ನೋಡಿದಳು. ಬೆರಳು ಸರಿದವು. ಟಿವಿಯ ಮೇಲೆ ಬಂತು: ಮಶೀನ ಬ್ಯಾಡ.

ಯಂಕೇಶ ಹಾಸಿಗೆಯ ಹತ್ತಿರ ಸರಿದ. "ಕರೆಂಟ್ ಹೋಗತೈತಿ ಅಂತೇನು? ಇನ್ವರ್ಟರ್ ಕೂಡ್ರಸ್ತೀನಿ. ಎರಡು ಕೂಡ್ರಸ್ತೀನಿ. ಅಂಗಡಿ ಮುಚ್ಚಿ ಮನ್ಯಾಗ ಇರ್ತೀನಿ. ಬೆರಳು ಹೋದ್ರ ಕಣ್ಣಿಂದ ಬರಿಯೂ ಹಂಗ ಇನ್ನೊಂದು ಮಾಡ್ತೀನಿ, ಮಾಡ್ಯಾರ ಅಕ್ಕಾ, ನಕ್ಷೆ ಐತಿ, ನಾ ನೋಡೀನಿ. ಕಣ್ಣು ಹೋದ್ರ..."

ಬೆರಳು ಮತ್ತೆ ಸರಿದವು. ಎಷ್ಟು ನಿಧಾನ! ಒಂದೊಂದು ಅಕ್ಷರಕ್ಕೂ ಆಕೆಯ ಉಸಿರು ಎಳೆದುಕೊಂಡು ಬರುತ್ತಿತ್ತು.

ನಾ ಮೊಬೈಲ್ ಅಲ್ಲೋ ಯಂಕ್ಯಾ.

ಆಮೇಲೆ: ಉಸರು ಇರೂತನಕ ಮಾತಾಡ್ತೀನಿ. ಸಾಕು.

ಯಂಕೇಶ ಅದನ್ನು ಇನ್ನೊಮ್ಮೆ ಓದಿದ. ಆರು ತಿಂಗಳು ಬೆಸುಗೆ ಹಾಕಿದ್ದು, ಸ್ಪ್ರಿಂಗು ಕತ್ತರಿಸಿದ್ದು, ಮುದುಕನ ಮೇಲೆ ಕೂಗಾಡಿದ್ದು, ಎಲ್ಲ ಇದನ್ನು ಓದುವುದಕ್ಕೇ? ಎದ್ದು ಟಿವಿ ಆರಿಸಿಬಿಡೋಣ ಎನಿಸಿತು. ಅಷ್ಟರಲ್ಲಿ ಮಾರೆವ್ವ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಟಿವಿ ನೋಡಿದಳು, ಮಗನ ಮುಖ ನೋಡಿದಳು.

"ಕೇಳಿದ್ಯೇನು? ಏನಂದ್ಳು?"

ದಪ್ಪ ಅಕ್ಷರ ಆಕೆಯ ಎದುರಿಗೇ ಇದ್ದವು. ಆಕೆಗೆ ಅವು ಗೋಡೆಯ ಮೇಲಿನ ಗೆರೆ, ಅಷ್ಟೇ.

"ಕೆಟ್ಟೈತವ್ವ," ಅಂದ ಯಂಕೇಶ. "ತಾನ ಒತ್ತಾಕತ್ತೈತಿ."

"ಇಷ್ಟುದ್ದ ತಾನ ಒತ್ತೈತಿ?"

"ಹೂಂ."

ಮಾರೆವ್ವ ಓಡಿ ಬಂದು ಮಗಳ ಬೆರಳುಗಳನ್ನು ಒಂದೊಂದಾಗಿ ಸೆರಗಿನಿಂದ ಒರೆಸಿದಳು, ಬೇಗಡೆಯ ತಗ್ಗುಗಳನ್ನೂ ಒರೆಸಿದಳು, ಕೈಯನ್ನು ಮತ್ತೆ ಅದರೊಳಗಿಟ್ಟಳು. "ಈಗ ಒತ್ತು ನನ್ನವ್ವಾ. ಈಗ ಹೇಳು."

ರಂಜಿತಾ ಒತ್ತಲಿಲ್ಲ. ತಮ್ಮನನ್ನು ನೋಡಿದಳು. ಬೈಯುವ ನೋಟವಲ್ಲ ಅದು, ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿ‌ದ್ದ. ಆಮೇಲೆ ಆಕೆಯ ಕಣ್ಣು ಜಂತಿಗೆ ಹೋದವು, ಅಲ್ಲೇ ನಿಂತವು. ಕೀಬೋರ್ಡ್ ಬರುವ ಮೊದಲು ಮಲಗುತ್ತಿದ್ದಳಲ್ಲ, ಹಾಗೆ.

"ಸರಿ ಮಾಡ್ಕೊಂಡ ಬಾ ಯಪ್ಪಾ," ಅಂದಳು ಮಾರೆವ್ವ. "ನಾಳೆ ಡಾಕ್ಟರ ಮುಂದ ಹೂಂ ಅನ್ನಬೇಕು ಇಕಿ."

ಯಂಕೇಶ ಟಿವಿಯ ವಯರು ಬಿಚ್ಚಿ ಕೀಬೋರ್ಡನ್ನು ಅಕ್ಕನ ಕೈಯಿಂದ ತೆಗೆದುಕೊಂಡ. ಅದನ್ನು ತೆಗೆಯುವಾಗ ಆಕೆಯ ಬೆರಳು ಬೇಗಡೆಯ ಮೇಲೆ ಸುಮ್ಮನೆ ಜಾರಿ ಹಾಸಿಗೆಗೆ ಬಿದ್ದವು, ತಡೆಯಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಕೂತು ಕೆಳಗಿನ ಮುಚ್ಚಳ ಬಿಚ್ಚಿದ. ಏನು ಸರಿ ಮಾಡಬೇಕು? ಬೆಸುಗೆ ಗಟ್ಟಿ ಇತ್ತು. ತಂತಿ ಸರಿ ಇತ್ತು. ಒಂದು ತಪ್ಪು ಸಿಗಲಿ ಎಂದು ಹುಡುಕಿದ. ಒಂದಾದರೂ ಸಡಿಲ ತಂತಿ, ಒಂದಾದರೂ ಕೆಟ್ಟ ಬೆಸುಗೆ. ವಯರನ್ನು ತನ್ನ ಮೊಬೈಲಿಗೆ ಸಿಕ್ಕಿಸಿ, ತನ್ನ ಕೈಯ ಬೆರಳನ್ನು ಐದೂ ತಗ್ಗಿಗೆ ಮುಟ್ಟಿಸಿ ನೋಡಿದ, ಬೋರ್ಡಿನ ಸಣ್ಣ ದೀಪ ಐದು ಸಲವೂ ಮಿನುಗಿತು. ಅವನ ಜನ್ಮದಲ್ಲಿ ಇಷ್ಟು ಸರಿಯಾಗಿ ಕೆಲಸ ಮಾಡುವ ವಸ್ತುವನ್ನು ಅವನು ಮಾಡಿರಲೇ ಇಲ್ಲ.

ಸುಳ್ಳು ನಾಳೆ ಡಾಕ್ಟರ ಎದುರು ಒಂದು ಗಳಿಗೆಯೂ ನಿಲ್ಲುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ಅದಲ್ಲ ಅವನನ್ನು ಎಬ್ಬಿಸಿದ್ದು. ಒಳಗಿನಿಂದ ಅವ್ವನ ದನಿ ಕೇಳುತ್ತಿತ್ತು. "ಹೂಂ ಅಂದ್ರ ಕಣ್ ಮುಚ್ಚವ್ವಾ. ಒಮ್ಮೆ ಮುಚ್ಚು. ನನ್ನ ಸಲುವಾಗಿ ಮುಚ್ಚು." ಮತ್ತೆ ಮತ್ತೆ ಅದೇ.

ಯಂಕೇಶ ಮುಚ್ಚಳ ಹಾಕಿದ. ಒಳಗೆ ಬಂದು ವಯರನ್ನು ಟಿವಿಗೆ ಸಿಕ್ಕಿಸಿ, ಅಕ್ಕನ ಕೈಯೆತ್ತಿ ಕೀಬೋರ್ಡಿನ ತಗ್ಗುಗಳಲ್ಲಿ ಮೆಲ್ಲಗೆ ಕೂರಿಸಿದ.

"ಸರಿ ಆತೇನೋ?"

"ಕೆಟ್ಟಿದ್ದಿಲ್ಲವ್ವ. ನಾ ಸುಳ್ಳ ಹೇಳಿದೆ."

ಮಾರೆವ್ವ ಟಿವಿಯ ಕಡೆ ತಿರುಗಿದಳು. ಅಕ್ಷರ ಹಾಗೇ ಇದ್ದವು. "ಹಂಗಾರ ಅದು..."

"ಅಕ್ಕ ಒತ್ತಿದ್ದು." ಯಂಕೇಶ ಓದಿದ. ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ. 'ಸಾಕು' ಎನ್ನುವುದನ್ನು ಮತ್ತೊಮ್ಮೆ ಓದಿದ.

ಮಾರೆವ್ವ ಎದ್ದು ಬಂದು ಮಗನ ಎದೆಗೆ ಗುದ್ದಿದಳು. ಬೆನ್ನಿಗೆ ಗುದ್ದಿದಳು, ತಲೆಗೆ ಹೊಡೆದಳು. "ಇದನ್ನ ಹೇಳ್ಸಾಕ ಮಾಡಿದ್ಯೇನೋ? ಇದನ್ನ ಹೇಳ್ಸಾಕ ಊರೂರು ಅಡ್ಡಾಡಿದ್ಯೇನೋ ಮೂಳಾ? ಮಾಡಬಾರದಿತ್ತಿಲ್ಲೋ! ಸುಮ್ಮನಿದ್ದಿದ್ರ ಇಕಿ ಏನೂ ಅಂತಿದ್ದಿಲ್ಲಲ್ಲೋ!" ಯಂಕೇಶ ಹೊಡೆಸಿಕೊಂಡು ನಿಂತ. ಹೊಡೆದು ಹೊಡೆದು ಕೈ ಸೋತು, ಮಾರೆವ್ವ ಮಗಳ ಹಾಸಿಗೆಯ ಕಾಲಬುಡದಲ್ಲಿ ಕೂತಳು. ಬಾಯಿಗೆ ಸೆರಗು ತುರುಕಿಕೊಂಡಳು. ರಂಜಿತಾಳ ಉಸಿರು ಎಳೆಯುವ ಸದ್ದು ಮಾತ್ರ ಕೇಳುತ್ತಿತ್ತು.

ಟಿವಿಯ ಮೇಲೆ ಅಕ್ಷರ ಹೊರಟವು. ಯಂಕೇಶ ಬಂದಷ್ಟು ಬಂದಷ್ಟನ್ನೇ ಓದಿದ.

"'ಸುಮ್ಮನ... ಕುಂದ್ರಬ್ಯಾಡ್ರಿ. ಮಾತಾಡ್ರಿ.'"

ಯಾರು ಏನು ಮಾತಾಡುವುದು? ಮಾರೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಗಳ ಕಾಲ ಮೇಲೆ ಕೈಯಿಟ್ಟಳು.

"ಎಮ್ಮಿ..." ಅಂದಳು. ಕೆಮ್ಮಿದಳು. "ಎಮ್ಮಿ ಇವತ್ತ ನೀರಿಗೆ ಬಾಯಿನ ಹಚ್ಚಲಿಲ್ಲ ನೋಡವ್ವ. ಹೋದ್ರ ಒದಿಯಾಕ ಬಂತು ನನಗ."

ಬೆರಳು ಸರಿದವು.

"'ಯಾಕ?'" ಎಂದು ಯಂಕೇಶ ಓದಿ ಹೇಳಿದ.